ಬೀಗರೂ ಎರಡು ಈಜುವ ಹಲಗೆಗಳೂ

ಪ್ರಪಂಚದಲ್ಲಿ ಯಾರಿಗೆ ಬೇಕಾದರೂ ‘ನೀವು ಮಾಡಿದ್ದು ತಪ್ಪು’ ಎಂದು ಹೇಳಿಬಿಡಬಹುದು. ಬೀಗರಿಗೆ ಮಾತ್ರ ಹೇಳುವುದಕ್ಕೆ ಆಗುವುದಿಲ್ಲ. ಡಾಕ್ಟರಿಗೆ ಹೇಳಿದರೆ ಹೆಚ್ಚೆಂದರೆ ಒಂದು ಇಂಜೆಕ್ಷನ್ ಜಾಸ್ತಿ ಚುಚ್ಚಿಯಾರು. ಕಚೇರಿಯಲ್ಲಿ ಹೇಳಿದರೆ ನಾಳೆ ಬಾ ಎಂದಾರು. ಹೇಳದಿದ್ದರೂ ಅದನ್ನೇ ಅನ್ನುತ್ತಾರೆ. ದೇವರಿಗಂತೂ ದಿನಾ ಬೆಳಗ್ಗೆ ಊದುಬತ್ತಿ ಹಚ್ಚಿಕೊಂಡೇ ಹೇಳುತ್ತೇವೆ. ಆದರೆ ಮಗಳನ್ನು ಕೊಟ್ಟ ಮನೆಯ ಯಜಮಾನರು ಸುಡುಬಿಸಿಲಿನಲ್ಲಿ ನಿಂತು ‘ಒಳ್ಳೆ ಬೆಳದಿಂಗಳು’ ಎಂದರೆ, ‘ಹೌದು ಬೀಗ್ರೇ, ಸ್ವಲ್ಪ ಚಳೀನೇ’ ಎಂದು ಟವೆಲ್ ಹೊದೆಯಬೇಕು. ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ನನ್ನದೊಂದು ಪೈಪು, ಮೋಟರು, ನಟ್ಟು ಬೋಲ್ಟಿನ ಅಂಗಡಿ ಇದೆ. ಅಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೂ ನಾನು ಜನಕ್ಕೆ ತಪ್ಪು ಹೇಳುವುದೇ ಕೆಲಸ. ‘ಆ ಪೈಪಿಗೆ ಈ ಬೆಂಡು ಕೂರಲ್ಲ ಕಣಯ್ಯ, ಮನೆಗೋಗಿ ಅಳತೆ ತಗಂಡು ಬಾ’ ಎಂದು ಎಂಥೆಂಥ ದೊಡ್ಡ ಗೌಡರನ್ನೂ ವಾಪಸು ಕಳಿಸಿದ್ದೇನೆ. ಅಂಥ ನಾನು ಬೀಗರ ಮುಂದೆ ನಿಂತರೆ ವಾಷರ್ ಹೋದ ನಲ್ಲಿಯ ಹಾಗೆ ಆಗುತ್ತೇನೆ. ಬರುವುದೆಲ್ಲ ಬರೀ ‘ಹೂಂ’.

ನನ್ನ ಬೀಗರು ನಿಂಗೇಗೌಡರು ಕೆ.ಆರ್. ನಗರದ ಕಡೆ ಭೇರ್ಯದವರು. ನಾಲೆ ನೀರಿನ ಗದ್ದೆ, ಭತ್ತ, ಒಂದು ಜೊತೆ ಎತ್ತು, ಬಿಡುವಾದಾಗ ನಾಲೆಯ ಏರಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಬಿದಿರು ಕಡ್ಡಿಯ ಗಾಳ. ಬಹಳ ಒಳ್ಳೆಯ ಮನುಷ್ಯರು. ನಮ್ಮ ಒಬ್ಬಳೇ ಮಗಳು ಕಾವ್ಯ ಅವರ ಮನೆಯಲ್ಲಿ ಸುಖವಾಗಿದ್ದಾಳೆ, ಅಳಿಯಂದಿರೂ ಬಂಗಾರದಂಥವರು. ನಮಗಿದ್ದದ್ದು ಒಂದೇ ಕೊರಗು. ಮದುವೆಯಾಗಿ ಇಷ್ಟು ದಿನವಾದರೂ ಬೀಗರು ನಮ್ಮ ಮನೆಯಲ್ಲಿ ಒಂದು ಹೊಟ್ಟೆತುಂಬ ಊಟ ಮಾಡಿರಲಿಲ್ಲ.

ಇದರ ಬೇರು ಬೀಗರೂಟದಲ್ಲಿದೆ ಎಂದು ನಾನು ಖಚಿತವಾಗಿ ನಂಬಿದ್ದೆ. ನಮ್ಮ ಕಡೆ ಮದುವೆ ಎಂಬುದು ಕಾಯಿಪಲ್ಯದ ಊಟದಲ್ಲಿ ಮುಗಿಯುವ ವ್ಯವಹಾರವಲ್ಲ. ತಾಳಿ ಕಟ್ಟಿದ ಮೇಲೆ ಒಂದು ದಿನ ಗೊತ್ತುಮಾಡಿ ಗಂಡಿನ ಕಡೆಯವರನ್ನೆಲ್ಲ ಕರೆದು ಮಾಂಸದೂಟ ಹಾಕಿದಾಗಲೇ ಸಂಬಂಧ ಗಟ್ಟಿಯಾದಂತೆ. ಮುಹೂರ್ತ ಹೆಚ್ಚುಕಡಿಮೆಯಾದರೆ ಜನ ಕ್ಷಮಿಸುತ್ತಾರೆ, ಬೀಗರೂಟದಲ್ಲಿ ತುಂಡು ಹೆಚ್ಚುಕಡಿಮೆಯಾದರೆ ಮೊಮ್ಮಕ್ಕಳ ಕಾಲದವರೆಗೂ ಹೇಳುತ್ತಾರೆ. ಆ ದಿನ ನಾನು ಪಂಕ್ತಿಯ ತುದಿಯಲ್ಲಿ ಕೈಮುಗಿದುಕೊಂಡು ನಿಂತಿದ್ದೆ. ಬಡಿಸುವವರು ಬಕೆಟ್ ಹಿಡಿದು ಬಂದರು, ಎಲ್ಲರ ಎಲೆಗೂ ಧಾರಾಳವಾಗಿ ತುಂಡು ಬಿತ್ತು, ಸರಿಯಾಗಿ ನಮ್ಮ ಬೀಗರ ಎಲೆಗೆ ಬಂದಾಗ ಸೌಟಿನಿಂದ ಇಳಿದದ್ದು ಬರೀ ಸಾರು. ನಾನು ಓಡಿಹೋಗುವಷ್ಟರಲ್ಲಿ ಬೀಗರು ಮುದ್ದೆ ಮುರಿದು ಆ ಸಾರಿನಲ್ಲಿ ಅದ್ದಿ ನುಂಗುತ್ತಿದ್ದರು, ಮುಖದಲ್ಲಿ ಏನೂ ಇಲ್ಲ. ಆ ‘ಏನೂ ಇಲ್ಲ’ ನೋಡಿಯೇ ನನ್ನ ಜೀವ ಹೋಯಿತು. ಬೈದಿದ್ದರೆ ಕಾಲಿಗೆ ಬೀಳಬಹುದಿತ್ತು.

ಅದಾದ ಮೇಲೆ ಒಂದು ಸಲ ಮನೆಗೆ ಬಂದರು, ನಮ್ಮ ಒತ್ತಾಯಕ್ಕೆ ಕೂತರು, ನಾಲ್ಕು ತುತ್ತು ತಿಂದು ‘ಸಾಕು, ಹೊಟ್ಟೆ ತುಂಬ್ತು’ ಎಂದು ಎದ್ದುಬಿಟ್ಟರು. ಆಮೇಲಿಂದ ಊಟದ ಹೊತ್ತಿಗೆ ಸರಿಯಾಗಿ ಅವರಿಗೊಂದು ನೆಪ. ಒಂದು ಸಲ ಹಲ್ಲುನೋವು, ಒಂದು ಸಲ ಶನಿವಾರ, ಇನ್ನೊಂದು ಸಲ ಹುಣಸೂರಿನಲ್ಲಿ ಯಾರೋ ನೆಂಟರು ಬಲವಂತ ಮಾಡಿ ಉಣ್ಣಿಸಿದರಂತೆ. ಒಂದು ಲೋಟ ಕಾಫಿ ಕುಡಿದು ಬಸ್ಸು ಹತ್ತಿಬಿಡುವರು. ಅತ್ತ ಕಾವ್ಯ ಫೋನಿನಲ್ಲಿ ಮೊದಮೊದಲು ನಗುತ್ತಿದ್ದಳು. ಒಂದು ದಿನ ನಗಲಿಲ್ಲ. “ಅಪ್ಪಾ, ನಮ್ಮ ಮಾವ ಅಲ್ಲಿ ನಿಮ್ಮನೇಲಿ ಯಾಕೆ ಊಟ ಮಾಡಲ್ಲ? ನನ್ನ ಮೇಲೇನಾದ್ರೂ ಬೇಜಾರಿದೆಯಾ ಅಂತ ನಂಗೆ ಒಳಗೊಳಗೇ ಆಗ್ತದೆ. ಕೇಳೋಕೂ ಆಗಲ್ಲ” ಎಂದಳು. ಫೋನಿಟ್ಟು ಹೆಂಡತಿ ಜಯಮ್ಮನ ಮುಖ ನೋಡಿದೆ. ಅವಳು ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, “ಏನಾರ ಮಾಡಿ, ಆ ಮನುಷ್ಯನ್ನ ನಮ್ಮನೇಲಿ ಕೂರ್ಸಿ ಉಣ್ಸಿ” ಎಂದಳು.

ಆಗ ನನಗೆ ಹೊಳೆದದ್ದು ಮೀನು. ತಾನೇ ಹಿಡಿದ ಮೀನನ್ನು ಬೇಡ ಎಂದ ಗಾಳದವನು ಈ ಭೂಮಿಯ ಮೇಲೆ ಇಲ್ಲ. ಬೀಗರನ್ನು ಕರೆಸುವುದು, ನಮ್ಮೂರ ಪಕ್ಕದ ಅಣೆಕಟ್ಟಿನ ಹಿನ್ನೀರಿಗೆ ಕರೆದುಕೊಂಡು ಹೋಗುವುದು, ಅವರ ಕೈಯಲ್ಲೇ ಒಂದು ದಪ್ಪ ಬಾಳೆಮೀನು ಹಿಡಿಸುವುದು, ತಂದು ಜಯಮ್ಮನ ಕೈಗೆ ಕೊಡುವುದು. ನಮ್ಮ ಬದಿಯ ನೀರಿನಲ್ಲಿ ಗಾಳ ಹಾಕಲು ಪಾಸು ಸಿಗುತ್ತದೆ. ಎದುರು ದಡ ಕಾಡು, ಅಲ್ಲಿಗೆ ಹೋಗುವಂತಿಲ್ಲ. ಅಲ್ಲಿ ಪಾಸು ಕೇಳುವವರು ಆನೆಗಳು. ನನ್ನ ಹತ್ತಿರ ಒಂದು ಹಳೆಯ ಫೈಬರ್ ದೋಣಿ ಇತ್ತು, ಪುಟ್ಟ ಪೆಟ್ರೋಲ್ ಮೋಟರೂ ಇತ್ತು. ಗಿರಾಕಿಯೊಬ್ಬರು ಊರು ಬಿಡುವಾಗ ಮಾರಿದ್ದು. ಕೊಂಡ ಮೇಲೆ ಅದರಲ್ಲಿ ಕೂತು ನೀರು ನೋಡಿದ್ದೇ ಹೆಚ್ಚು, ಮೀನು ಹಿಡಿದದ್ದು ಕಡಿಮೆ.

ದೋಣಿಯನ್ನು ನಿಧಾನವಾಗಿ ಓಡಿಸುತ್ತ, ಹಿಂದೆ ಉದ್ದಕ್ಕೆ ದಾರ ಬಿಟ್ಟು, ದಾರದ ತುದಿಗೆ ಮೀನಿನ ಹಾಗೇ ಕುಣಿಯುವ ಪ್ಲಾಸ್ಟಿಕ್ ಬೊಂಬೆ ಕಟ್ಟಿ ಎಳೆದುಕೊಂಡು ಹೋಗುವುದಕ್ಕೆ ಟ್ರೋಲಿಂಗ್ ಎನ್ನುತ್ತಾರೆ. ದಪ್ಪ ಮೀನು ಬೊಂಬೆಯನ್ನು ನಿಜವೆಂದು ನುಂಗುತ್ತದೆ. ಆದರೆ ಮೊಬೈಲಿನಲ್ಲಿ ಅನೇಕ ವಿಡಿಯೋ ನೋಡಿದ ಮೇಲೆ ನನ್ನ ಕಷ್ಟಕ್ಕೆ ಕಾರಣ ತಿಳಿಯಿತು. ಮೋಟರಿನ ಸದ್ದಿಗೆ ಮೀನುಗಳು ಹೆದರಿ ಎಡಕ್ಕೂ ಬಲಕ್ಕೂ ಸರಿದುಬಿಡುತ್ತವೆ. ನಮ್ಮ ಗಾಳ ಮಾತ್ರ ದೋಣಿಯ ನೇರ ಹಿಂದೆ, ಮೀನಿಲ್ಲದ ದಾರಿಯಲ್ಲಿ ಬರುತ್ತಿರುತ್ತದೆ. ಇದಕ್ಕೆ ಮದ್ದು ಪ್ಲೇನರ್ ಬೋರ್ಡ್ ಎಂಬ ಒಂದು ಹಲಗೆ. ಅದರ ಮೂತಿಯನ್ನು ಓರೆಯಾಗಿ ಕತ್ತರಿಸಿರುತ್ತಾರೆ. ಹಗ್ಗ ಕಟ್ಟಿ ನೀರಿಗೆ ಬಿಟ್ಟು ದೋಣಿ ಓಡಿಸಿದರೆ, ಹಲಗೆ ಹಿಂದೆ ಬರದೆ, ಹಗ್ಗ ಕಿತ್ತುಕೊಂಡು ಪಕ್ಕದ ಹೊಲಕ್ಕೆ ಬಾಯಿ ಹಾಕಲು ಹೋಗುವ ಕರುವಿನ ಹಾಗೆ ಪಕ್ಕಕ್ಕೆ ಜಗ್ಗಿಕೊಂಡು ಹೋಗುತ್ತದೆ. ಗಾಳದ ದಾರವನ್ನು ಆ ಹಗ್ಗಕ್ಕೆ ಒಂದು ಕ್ಲಿಪ್ಪಿನಿಂದ ಸಿಕ್ಕಿಸಿದರೆ ಗಾಳವೂ ದೂರ ಹೋಗುತ್ತದೆ. ಮೀನು ಕಚ್ಚಿದಾಗ ಕ್ಲಿಪ್ಪು ತಾನಾಗಿ ಬಿಟ್ಟುಕೊಳ್ಳುತ್ತದೆ, ಆಮೇಲೆ ನೀವುಂಟು, ಮೀನುಂಟು.

ಇದರಲ್ಲಿ ಎರಡು ಜಾತಿ. ಒಂದು ಅಂಗೈಯಷ್ಟಿರುವ ಚಿಕ್ಕದು, ನೇರ ಗಾಳದ ದಾರಕ್ಕೇ ಸಿಕ್ಕಿಸುವಂಥದ್ದು. ಕಂಬವಿಲ್ಲ, ಹಗ್ಗವಿಲ್ಲ, ರಗಳೆಯಿಲ್ಲ. ಇನ್ನೊಂದು ದೊಡ್ಡದು, ಎರಡೆರಡು ಹಲಗೆ ಜೋಡಿಸಿದ ಜೋಡುಹಲಗೆ. ಅದಕ್ಕೆ ದೋಣಿಯಲ್ಲಿ ಒಂದು ಕಂಬ ನೆಡಬೇಕು, ಕಂಬದಿಂದ ಎರಡೂ ಕಡೆಗೆ ದಪ್ಪ ಹಗ್ಗ ಬಿಡಬೇಕು. ನನ್ನಂಥ ಚಿಕ್ಕ ದೋಣಿಯವರಿಗೆ ಚಿಕ್ಕದೇ ಸಾಕು ಎಂದು ವಿಡಿಯೋದಲ್ಲಿ ಎಲ್ಲರೂ ಹೇಳಿದ್ದರು. ಅಂಗಡಿಗೆ ಬಂದ ಗಿರಾಕಿಯಾಗಿದ್ದರೆ ನಾನೂ ಅದನ್ನೇ ಹೇಳಿ ಕಳಿಸುತ್ತಿದ್ದೆ. ಆದರೆ ಇದು ಬೀಗರಿಗೆ. ಬೀಗರು ಬಂದಾಗ ಅಂಗೈಯಗಲದ ಹಲಗೆ ತೋರಿಸುವುದೂ ಒಂದೇ, ಅವರ ಮುಂದೆ ಎಲೆಯ ಚೂರು ಹಾಸುವುದೂ ಒಂದೇ ಎನಿಸಿತು. ಬೀಗರ ಮರ್ಯಾದೆಗೆ ತಕ್ಕ ಅಗಲ ಬೇಡವೇ? ದೊಡ್ಡದನ್ನೇ ತರಿಸಿದೆ. ಒಂದು ಹಳದಿ, ಒಂದು ಕೆಂಪು. ಪಾರ್ಸೆಲ್ ಬಿಚ್ಚಿದಾಗ ಜಯಮ್ಮ ಅವನ್ನು ತಿರುಗಿಸಿ ಮುರುಗಿಸಿ ನೋಡಿ, “ಇದನ್ನ ಸಾರ್ಗೆ ಆಕಾಕಾಯ್ತದಾ?” ಎಂದು ಕೇಳಿದಳು.

ಕಂಬದ ವಿಷಯದಲ್ಲಿ ಮಾತ್ರ ನಾನು ಯಾರ ಮಾತನ್ನೂ ಕೇಳಬೇಕಾಗಿರಲಿಲ್ಲ. ಜೀವಮಾನವೆಲ್ಲ ಪೈಪು ಮಾರಿದವನು. ಒಂದೂವರೆ ಇಂಚಿನ ಜಿಐ ಪೈಪು ತೆಗೆದುಕೊಂಡೆ. ದೋಣಿಯ ಮುಂದಿನ ಸೀಟಿನ ಹಲಗೆಗೆ ತೂತು ಕೊರೆದು ಪೈಪು ಇಳಿಸಿ, ಕೆಳಗೆ ಫ್ಲ್ಯಾಂಜಿನ ಬಿಲ್ಲೆ ಕೂರಿಸಿ, ಮೇಲೆ ಯು ಕ್ಲ್ಯಾಂಪು ಬಿಗಿದೆ. ಅಷ್ಟಕ್ಕೇ ಬಿಡಬಹುದಿತ್ತು. ಗಟ್ಟಿಯಾಗಿರಲಿ ಎಂದು ಇನ್ನೊಂದು ಕ್ಲ್ಯಾಂಪು, ಬೀಗರು ಹಿಡಿದುಕೊಂಡು ನಿಂತರೂ ಅಲುಗಬಾರದೆಂದು ಎರಡು ಕಡೆಗೂ ಆಸರೆಯ ಪಟ್ಟಿ, ಬೋಲ್ಟು ಬೋಲ್ಟಿಗೂ ಡಬಲ್ ನಟ್ಟು. ನೋಡುತ್ತ ನೋಡುತ್ತ ಅದು ಗಾಳದ ಕಂಬ ಹೋಗಿ ಕರೆಂಟಿನ ಕಂಬದ ತಮ್ಮನಾಯಿತು. ಆಸರೆಯ ಪಟ್ಟಿ ಬಂದದ್ದರಿಂದ ಹುಟ್ಟು ಇಡುವ ಜಾಗ ಹೋಯಿತು. ಮೋಟರಿದೆಯಲ್ಲ, ಹುಟ್ಟು ಯಾಕೆ ಎಂದು ಅದನ್ನು ತೆಗೆದು ಕೊಟ್ಟಿಗೆಯ ಮೂಲೆಗೆ ಒರಗಿಸಿದೆ. ಈ ಮಾತನ್ನು ಬರೆಯುವಾಗ ಈಗಲೂ ನನ್ನ ಕೈ ಸ್ವಲ್ಪ ನಿಲ್ಲುತ್ತದೆ.

ನೀರಿಗಿಳಿಸುವ ಮೊದಲು ಪರೀಕ್ಷೆ ಮಾಡಬೇಕಲ್ಲ. ನಮ್ಮ ಹೊಲದಲ್ಲಿ ಕೃಷಿಹೊಂಡವಿದೆ. ಅದರ ದಡದ ಮೇಲೆ ನಾನೇ ದೋಣಿಯಾಗಿ, ಹಗ್ಗ ಹೆಗಲಿಗೆ ಹಾಕಿಕೊಂಡು ದಾಪುಗಾಲು ಹಾಕಿದೆ. ಹಳದಿ ಹಲಗೆ ಸೊಯ್ಯನೆ ಎಡಗಡೆಗೆ ಜಗ್ಗಿಕೊಂಡು ಹೊಂಡದ ನಡುವಿಗೆ ಹೋಯಿತು. ಆ ಸಂತೋಷಕ್ಕೆ ನಾನು ಓಡಿಯೇಬಿಟ್ಟೆ. ಪಕ್ಕದ ಹೊಲದ ಚಿಕ್ಕಣ್ಣ ಗುದ್ದಲಿ ಊರಿ ನಿಂತು ಬಹಳ ಹೊತ್ತು ನೋಡಿ, “ಏನ್ ಅಣ್ಣಾ, ಹಲಗೇಗೆ ಈಜು ಕಲಿಸ್ತಾ ಇದ್ದೀರಾ?” ಎಂದ. ಕೆಂಪು ಹಲಗೆಯನ್ನು ಅದೇ ದಿಕ್ಕಿನಲ್ಲಿ ಎಳೆದರೆ ಅದು ಹೊಂಡಕ್ಕೆ ಹೋಗದೆ ದಡಕ್ಕೆ, ನನ್ನ ಕಾಲಿನ ಬುಡಕ್ಕೇ ಬಂತು. ಆಗ ನನಗೆ ತತ್ವ ತಿಳಿಯಿತು. ಹಲಗೆಗಳೂ ಎತ್ತುಗಳಂತೆಯೇ. ಎಡಕ್ಕೆ ಹೂಡಿ ಪಳಗಿಸಿದ ಎತ್ತನ್ನು ಬಲಕ್ಕೆ ಹೂಡಿದರೆ ಉಳುಮೆ ಕೆಟ್ಟಂತೆಯೇ. ಹಳದಿ ಎಡಕ್ಕೆ, ಕೆಂಪು ಬಲಕ್ಕೆ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ.

ಭಾನುವಾರ ಬೆಳಗ್ಗೆಯೇ ಬೀಗರು ಬಂದರು, ಬಿದಿರು ಕಡ್ಡಿಯ ಗಾಳವನ್ನೂ ಜೊತೆಗೆ ತಂದಿದ್ದರು. ಹೊರಡುವಾಗ ಜಯಮ್ಮ ನನ್ನನ್ನು ಒಳಕ್ಕೆ ಕರೆದು ಪಿಸುಗುಟ್ಟಿದಳು. “ತಿನ್ನಾಕೆ ಏನೂ ಕೊಟ್ಟು ಕಳಿಸಲ್ಲ. ಚೆನ್ನಾಗಿ ಹಸಿಸ್ಕಂಡು ಕರ್ಕಂಡು ಬನ್ನಿ. ನಾನು ಮಸಾಲೆ ರುಬ್ಬಿಟ್ಟಿರ್ತೀನಿ, ಮೀನು ತಂದ್ರೆ ಕುದಿಯೋಕೆ ಎಷ್ಟೊತ್ತು?” ಯುದ್ಧಕ್ಕೆ ಹೊರಟವನ ಹಾಗೆ ತಲೆಯಾಡಿಸಿ ಹೊರಟೆ.

ದಡದಲ್ಲಿ ದೋಣಿ ನೋಡಿ ಬೀಗರು ಹತ್ತಿರ ಬಂದರು. ಕಂಬವನ್ನು ಕೈಯಿಂದ ಅಲ್ಲಾಡಿಸಿ ನೋಡಿದರು, ಅದು ಅಲ್ಲಾಡಲಿಲ್ಲ, ದೋಣಿ ಅಲ್ಲಾಡಿತು. “ಬಲವಾಗ್ ಮಾಡಿದೀರಿ ಬೀಗ್ರೇ” ಎಂದರು. ನನಗೆ ಹಾಲು ಕುಡಿದಷ್ಟು ಸಂತೋಷ. ಲೈಫ್ ಜಾಕೆಟ್ ತೊಟ್ಟು, ಹಲಗೆಗಳ ವಿದ್ಯೆಯನ್ನೆಲ್ಲ ವಿವರಿಸಿದೆ. ಎಡ ಬಲದ ಮಾತಿಗೆ ಬರುವಷ್ಟರಲ್ಲಿ ಅವರು ಎರಡೂ ಹಲಗೆಯನ್ನು ಕೈಗೆ ತೆಗೆದುಕೊಂಡು, “ನೀವು ಮೋಟ್ರು ನೋಡ್ಕಳಿ, ಇದನ್ನ ನಾ ಕಟ್ತೀನಿ ಬುಡಿ” ಎಂದರು. ನಾನು ಹಳದಿಯನ್ನು ಎಡಕ್ಕೆ ಎನ್ನುವ ಹಾಗೆ ಕೈ ತೋರಿಸಿದೆ. ಅವರು ಆ ಹಳದಿಯನ್ನು ಒಂದು ಕ್ಷಣ ನೋಡಿ, “ಅಯ್ಯೋ, ಬ್ಯಾಡಿ. ಅರಿಶಿನದ ಬಣ್ಣ. ಮೊದಲ್ನೇ ಕೆಲಸ ಮಾಡ್ತಿದೀವಿ, ಬಲಗಡೆ ಇರ್ಲಿ” ಎಂದು ಹಳದಿಯನ್ನು ಬಲಕ್ಕೂ ಕೆಂಪನ್ನು ಎಡಕ್ಕೂ ಕಟ್ಟಿ, ಗಂಟಿನ ಮೇಲೊಂದು ಗಂಟು ಬಿಗಿದು, ಕಣ್ಣಿಗೆ ಒತ್ತಿಕೊಂಡರು.

ಏನು ಮಾಡಲಿ? ಬಾಯಿ ತೆರೆದೆ. ಬಾಯಿಗೆ ಬಂದದ್ದು, “ಚೆನ್ನಾಗಿದೆ ಬೀಗ್ರೇ.” ಬೀಗರೂಟದಲ್ಲಿ ಬರೀ ಸಾರು ನುಂಗಿದ ಮನುಷ್ಯ ಇವರು, ಅರಿಶಿನದ ಬಣ್ಣವನ್ನು ಎಡಗಡೆ ಕಟ್ಟಿ ಎಂದು ಯಾವ ಬಾಯಲ್ಲಿ ಹೇಳಲಿ? ಮೋಟರಿನ ದಾರ ಎಳೆದೆ. ದೋಣಿ ಹೊರಟಿತು.

ಹಲಗೆಗಳು ನನ್ನ ಹಾಗಲ್ಲ, ಅವಕ್ಕೆ ಬೀಗರ ಮುಲಾಜಿಲ್ಲ. ನೀರಿಗೆ ಬಿದ್ದ ತಕ್ಷಣ ಹಳದಿ ಎಡಕ್ಕೆ, ಕೆಂಪು ಬಲಕ್ಕೆ, ಎರಡೂ ಹೊರಗೆ ಹೋಗುವ ಬದಲು ಒಳಗೆ ತಿರುಗಿ ದೋಣಿಯ ಹಿಂದೆ ಒಂದಕ್ಕೊಂದು ಎದುರಾದವು. ಒಂದನ್ನೊಂದು ಗುದ್ದಿದವು, ಸರಿದವು, ಮತ್ತೆ ಬಂದು ಗುದ್ದಿದವು. ಬೀಗರು ಗಂಭೀರವಾಗಿ ನೋಡುತ್ತಿದ್ದರು. “ಇಂಗೇ ಇರ್ಬೇಕಾ ಬೀಗ್ರೇ?” ಎಂದರು. “ಮೊದಲು ಸ್ವಲ್ಪ ಇಂಗೇ ಇರ್ತದೆ” ಎಂದೆ. ಸುಳ್ಳಿನ ಮೇಲೆ ದೋಣಿ ತೇಲುವುದಾದರೆ ನಮ್ಮದು ಕೇರಳದವರೆಗೂ ಹೋಗುತ್ತಿತ್ತು. ಹಲಗೆ ಹೊರಗೆ ಹೋಗಲಿ ಎಂದು ನಾನು ದೋಣಿಯನ್ನು ಸುತ್ತು ತಿರುಗಿಸಿದೆ. ಬೀಗರು ‘ಹೂಂ’ ಎಂದರು. ಇನ್ನೊಂದು ಕಡೆಗೆ ಸುತ್ತು ತಿರುಗಿಸಿದೆ. ಅದಕ್ಕೂ ‘ಹೂಂ’. ಬಿಸಿಲು ಏರಿತು. ಇಬ್ಬರು ದೊಡ್ಡ ಮನುಷ್ಯರು ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತ ನೀರಿನ ಮೇಲೆ ಗಾಣದೆತ್ತಿನ ಹಾಗೆ ಸುತ್ತುತ್ತಿದ್ದೆವು. ಕೊನೆಗೊಂದು ಸುತ್ತಿನಲ್ಲಿ ಹಗ್ಗಗಳೆರಡೂ ಹೆಣೆದುಕೊಂಡು ಮೋಟರಿನ ರೆಕ್ಕೆಗೆ ಸುತ್ತಿಕೊಂಡವು. ಕಟಕ್ ಎಂದಿತು. ರೆಕ್ಕೆಯ ಪಿನ್ನು ಮುರಿದಿತ್ತು. ಮೋಟರು ಆರಿಸಿದೆ. ಆಮೇಲೆ ಹಿನ್ನೀರಿನಲ್ಲಿ ಕೇಳಿಸಿದ್ದು ದೂರದ ಕೊಕ್ಕರೆಯ ಸದ್ದೊಂದೇ.

ಹ್ಯಾಂಡ್‌ಪೋಸ್ಟಿನ ನನ್ನ ಅಂಗಡಿಯಲ್ಲಿ ಆ ಪಿನ್ನು ಪೊಟ್ಟಣಗಟ್ಟಲೆ ಇದೆ. ದೋಣಿಯಲ್ಲಿ ಒಂದೂ ಇರಲಿಲ್ಲ.

“ಬೀಗ್ರೇ, ಹುಟ್ಟು ಎಲ್ಲಿ?” ಎಂದರು ನಿಂಗೇಗೌಡರು.

“ಮನೇಲಿದೆ ಬೀಗ್ರೇ.”

“ಮನೇಲಿ ಯಾಕದೆ?”

“ಕಂಬಕ್ಕೆ ಜಾಗ ಬೇಕಾಗಿತ್ತು ಬೀಗ್ರೇ.”

ಅವರು ಕಂಬವನ್ನು ನೋಡಿದರು. ನನ್ನನ್ನು ನೋಡಿದರು. ನೀರಿನಲ್ಲಿ ತೇಲುತ್ತ ಒಂದರ ಮೇಲೊಂದು ಮಲಗಿದ್ದ ಹಳದಿ ಕೆಂಪು ಹಲಗೆಗಳನ್ನು ನೋಡಿದರು. “ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ನಾನು ಹಲಗೆ ಉಲ್ಟಾ ಕಟ್ಟಿದೀನಿ ಅಂತ ನಿಮ್ಗೆ ಗೊತ್ತಿತ್ತಾ?”

“ಸ್ವಲ್ಪ ಅನುಮಾನ ಇತ್ತು.”

“ಎಷ್ಟು?”

“ಪೂರ್ತಿ.”

ಬೀಗರ ಮುಖ ಕೆಂಪಾಯಿತು. ಬೆಳಗಿನಿಂದ ಹಸಿದ ಹೊಟ್ಟೆ ಬೇರೆ. “ಮತ್ಯಾಕ್ಲಾ ಬಾಯ್ ಬುಡ್ಲಿಲ್ಲ?” ಎಂದು ಗುಡುಗಿಬಿಟ್ಟರು. “ಎಡಗಡೆ ಎತ್ತನ್ನ ಬಲಗಡೆ ಹೂಡಿದ್ರೆ ಅದೂ ಬಾಲ ಎತ್ತಿ ಹೇಳ್ತದೆ, ಬಾಯಿರೋ ಮನುಷ್ಯ ಹೇಳಬಾರ್ದಾ? ಮೊದಲ್ನೇ ಸುತ್ತಲ್ಲೇ ನಂಗೆ ಅನ್ನಿಸ್ತು, ಇದು ಉಲ್ಟಾ ಆಗದೆ ಅಂತ. ದೋಣಿ ಯಜಮಾನ್ರು ನೀವೇ ಚೆನ್ನಾಗದೆ ಅಂದ್ರಲ್ಲಾ, ಇರೋದೇ ಇಂಗೇನೋ ಅನ್ಕಂಡು ಬಾಯ್ಮುಚ್ಕಂಡಿದ್ದೆ!”

ಅವರು ಮನೆಯ ಹುಡುಗರಿಗೆ ಅನ್ನುವ ಹಾಗೆ ‘ಲಾ’ ಎಂದದ್ದು ಕಿವಿಗೆ ಬಿದ್ದಾಗ ಒಂದು ಕ್ಷಣ ದಂಗಾದೆ. ಆದರೆ ಬೈಗುಳಕ್ಕೆ ಒಂದು ಗುಣವಿದೆ, ಎದುರಿನವನ ಬಾಯಿಯನ್ನೂ ಬಿಚ್ಚಿಸುತ್ತದೆ. ನನ್ನ ನಲ್ಲಿಯೂ ಕಿತ್ತುಕೊಂಡಿತು. “ಹೇಗ್ರೀ ಹೇಳೋದು? ಬೀಗರೂಟದಲ್ಲಿ ನಿಮ್ಮ ಎಲೆಗೆ ತುಂಡು ಬೀಳಲಿಲ್ಲ ಅಂತ ಅವತ್ತಿಂದ ನಮ್ಮನೇಲಿ ಊಟಾನೇ ಮುಟ್ಟಿಲ್ಲ ನೀವು! ಹಲಗೆ ಉಲ್ಟಾ ಅಂದಿದ್ರೆ ಕಾಫೀನೂ ಮುಟ್ತಿರಲಿಲ್ಲ! ಅಲ್ಲಿ ನನ್ನ ಮಗಳು, ಮಾವನಿಗೆ ನನ್ನ ಮೇಲೆ ಏನು ಬೇಜಾರೋ ಅಂತ ಕೊರಗ್ತಾ ಇದ್ದಾಳೆ!”

“ಯಾವ್ ತುಂಡು?” ಎಂದರು ಬೀಗರು. ನಿಜವಾಗಿಯೂ ಅವರಿಗೆ ನೆನಪಿರಲಿಲ್ಲ. ಹುಬ್ಬು ಗಂಟಿಕ್ಕಿ ಯೋಚಿಸಿ, ಆಮೇಲೆ ಹಣೆ ಚಚ್ಚಿಕೊಂಡರು. “ಥೂ, ಅದಾ? ನಮ್ ಕಡೆಯೋರು ಹೇಳಿದ್ದಕ್ಕಿಂತ ಜಾಸ್ತಿ ಬಂದ್ಬುಟ್ಟಿದ್ರು ಕಣ್ರೀ. ಇನ್ನೊಂದ್ ಪಂಕ್ತಿ ಕಾಯ್ತಾ ಕೂತದೆ, ನಿಮ್ ಮರ್ಯಾದೆ ಹೋಗ್ಬಾರ್ದು ಅಂತ, ನನ್ನೆಲೆಗೆ ಬರೀ ಸಾರು ಬುಟ್ಟು ಮುಂದಕ್ಕೋಗು ಅಂತ ಬಡಿಸೋರ್ಗೆ ನಾನೇ ಕಣ್ಸನ್ನೆ ಮಾಡ್ದೆ. ಅದನ್ನ ಇಟ್ಕಂಡು ನೀವು ಇಷ್ಟ್ ದಿನ ಕೂತಿದ್ರಾ?”

ನನಗೆ ನೀರಿಗೆ ಹಾರಿಬಿಡಬೇಕು ಎನಿಸಿತು. ಲೈಫ್ ಜಾಕೆಟ್ ಇದ್ದದ್ದರಿಂದ ಪ್ರಯೋಜನವಿರಲಿಲ್ಲ. “ಹಂಗಾದ್ರೆ ನಮ್ಮನೇಲಿ ಊಟ ಯಾಕೆ ಮಾಡಲ್ಲ?” ಎಂದು ಕೇಳಿದೆ.

ಬೀಗರು ದನಿ ತಗ್ಗಿಸಿ, ನೀರು ನೋಡಿಕೊಂಡು ಹೇಳಿದರು. “ನೀವೆಲ್ಲಿ ಊಟ ಆಕ್ತೀರಿ, ಶಿಕ್ಷೆ ಆಕ್ತೀರಿ. ಅವತ್ತು ಬಂದಾಗ ನನ್ನೊಬ್ಬನ್ನೇ ಕುರ್ಚಿ ಮೇಲೆ ಕೂರ್ಸಿದ್ರಿ. ಈ ಕಡೆ ನೀವು ಕೈಕಟ್ಕಂಡು ನಿಂತ್ಕಂಡ್ರಿ, ಆ ಕಡೆ ಬೀಗ್ತಮ್ಮ ಸೌಟು ಇಡ್ಕಂಡು. ನಾನು ತುತ್ತು ಎತ್ತಿದ್ರೆ ಇಬ್ರೂ ಬಾಯನ್ನೇ ನೋಡೋದು. ನಮ್ಮನೇಲಿ ಗಂಡಸ್ರು ಎಂಗಸ್ರು ಎಲ್ಲಾ ಸಾಲಾಗಿ ಕೂತು ಉಣ್ಣೋರು ಕಣ್ರೀ, ನಿಮ್ ಮಗಳೂ ನನ್ನ ಪಕ್ಕದಲ್ಲೇ ಕೂರ್ತದೆ. ಒಬ್ನೇ ಕೂತ್ರೆ ನಂಗೆ ಗಂಟ್ಲಲ್ಲಿ ಇಳಿಯಲ್ಲ. ಅದನ್ನ ನಿಮ್ಗೆ ಎಂಗೆ ಹೇಳ್ಲಿ? ಬೀಗ್ರು ಅಷ್ಟು ಮರ್ಯಾದೆ ಮಾಡ್ತಾ ಅವ್ರೆ, ತಪ್ಪು ಅನ್ನಾಕಾಯ್ತದಾ?”

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೊದಲು ನಕ್ಕವರು ಅವರೋ ನಾನೋ ತಿಳಿಯದು, ದೋಣಿ ಮಾತ್ರ ಬಹಳ ಅಲ್ಲಾಡಿತು. ಹಗ್ಗ ಕೊಯ್ದು ಹಲಗೆಗಳನ್ನು ಮೇಲಕ್ಕೆಳೆದೆವು. ಹುಟ್ಟಿಲ್ಲದ ದೋಣಿಗೆ ಅವೇ ಹುಟ್ಟಾದವು. ಕೆಂಪು ಹಲಗೆ ಅವರ ಕೈಗೆ, ಹಳದಿ ನನ್ನ ಕೈಗೆ. “ನೀವು ಎಡಗಡೆ ಕೂತ್ಕಳಿ. ನೀವು ಒಂದೇ ಕಡೆಗೆ ಜಾಸ್ತಿ ಎಳೀತಾ ಇದ್ದೀರಿ, ತಪ್ಪು!” ಎಂದು ನಾನು ಹೇಳಿದೆ. ಹೇಳಿಯೇಬಿಟ್ಟೆ! “ಮೊದ್ಲು ನಿಮ್ ಕಡೆ ನೆಟ್ಗೆ ಎಳೀರಿ” ಎಂದರು ಅವರು. ಹೀಗೆ ದಡದವರೆಗೂ ಒಬ್ಬರ ತಪ್ಪು ಒಬ್ಬರು ಎತ್ತಿ ತೋರಿಸುತ್ತ, ಬಹಳ ಸೌಖ್ಯವಾಗಿ ಬಂದೆವು. ಪ್ಲೇನರ್ ಬೋರ್ಡುಗಳಿಂದ ಒಂದು ಮೀನೂ ಸಿಗಲಿಲ್ಲ. ಆದರೆ ಅಷ್ಟು ಗಟ್ಟಿಯಾದ ಹಲಗೆಗಳನ್ನು ನಾನು ಇನ್ನೆಲ್ಲೂ ನೋಡಿಲ್ಲ, ಬೇಕಾದರೆ ಯಾರಿಗಾದರೂ ಶಿಫಾರಸು ಮಾಡುತ್ತೇನೆ.

ಬರಿಗೈಯಲ್ಲಿ ಬಂದ ನಮ್ಮಿಬ್ಬರನ್ನು ನೋಡಿ ಜಯಮ್ಮನ ಮುಖ ಇಳಿದುಹೋಯಿತು. ರುಬ್ಬಿದ ಮಸಾಲೆ ಒಲೆಯ ಮೇಲೆ ಕುದಿಯುತ್ತ ಮೀನಿಗೆ ಕಾಯುತ್ತಿತ್ತು. ಬೀಗರೇ ಒಳಗೆ ಇಣುಕಿ, “ಮೊಟ್ಟೆ ಅವಾ ಬೀಗ್ತಮ್ಮಾ? ಒಡೆದು ಬುಡಿ ಅದಕ್ಕೇ” ಎಂದರು. ಟೇಬಲ್ಲು ಬೇಡ ಎಂದು ಹಜಾರದಲ್ಲಿ ಚಾಪೆ ಹಾಸಿಕೊಂಡು, ನನ್ನ ಭುಜ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. ಜಯಮ್ಮನನ್ನೂ ಕರೆದರು, ಅವಳು “ಬಡ್ಸೋರ್ಯಾರು?” ಎಂದು ಸೌಟು ಹಿಡಿದಳು. ನಾನು ಮುದ್ದೆ ಮುರಿದೆ, ಅವರೂ ಮುರಿದರು. ನಾನು ನುಂಗಿದೆ, ಅವರೂ ನುಂಗಿದರು. ಬಾಯಿ ಚಪ್ಪರಿಸಿ ಇನ್ನೊಂದು ಮುದ್ದೆ ಹಾಕಿಸಿಕೊಂಡರು, ನನಗೂ ಹಾಕಿಸಿದರು, ಆಮೇಲೆ ಅನ್ನ, ಆಮೇಲೆ ಮಜ್ಜಿಗೆ. ನಡುವೆ ಕಾವ್ಯಳಿಗೆ ವಿಡಿಯೋ ಕಾಲ್ ಮಾಡಿ ಎಲೆ ತೋರಿಸಿದೆ. ಅವಳು ನಗುತ್ತಲೇ ಕಣ್ಣು ಒರೆಸಿಕೊಂಡಳು. “ಯಾಕವ್ವಾ ಅಳ್ತೀಯ? ನಿಮ್ಮಪ್ಪ ನನ್ನ ನೀರಲ್ಲಿ ಮುಳುಗ್ಸಿಲ್ಲ, ಸಾರಲ್ಲಿ ಮುಳುಗ್ಸವ್ರೆ” ಎಂದರು ಬೀಗರು. ಆ ಹುಡುಗಿಯ ಮುಖದ ಮೇಲಿನ ಆ ನೆಮ್ಮದಿಯನ್ನು ಕಣ್ತುಂಬ ನೋಡಿದೆ. ಖಾರ ಎಂದು ಹೇಳಿ ನೀರು ಕುಡಿದೆ.

ಊಟವಾಗಿ ಬೀಗರು ಜಗಲಿಯ ಮಂಚದ ಮೇಲೆ ಒರಗಿ, ಒರಗಿದ ಕೂಡಲೇ ಗೊರಕೆ ಹೊಡೆದರು. ಗೆದ್ದ ಸೇನಾಪತಿಯಂತೆ ನಾನು ಅಡುಗೆಮನೆಗೆ ಹೋದೆ. ಜಯಮ್ಮ ಒಲೆಯ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿಕೊಂಡು ಕೂತು ಊಟ ಮಾಡುತ್ತಿದ್ದಳು. ತಟ್ಟೆಯಲ್ಲಿ ಆರಿದ ಮುದ್ದೆ, ತಳದಲ್ಲಿ ಉಳಿದ ಸಾರು. ದೋಣಿಯಲ್ಲಿ ನಡೆದದ್ದನ್ನೆಲ್ಲ ವಿವರವಾಗಿ ಹೇಳಿ, ಕೊನೆಗೆ ಗೋಡೆಗೆ ಒರಗಿ ನಿಂತು ಒಂದು ದೊಡ್ಡ ಮಾತು ಹೇಳಿದೆ. “ನೋಡು, ಎಲ್ಲರೂ ಉಂಡಮೇಲೆ, ಇಲ್ಲ ಎಲ್ಲರಿಗಿಂತ ಮುಂಚೆ, ಒಟ್ಟಿನಲ್ಲಿ ಒಬ್ಬರೇ ಕೂತು ಉಣ್ಣೋದು ಎಷ್ಟು ಕಷ್ಟ ಅಂತ ಇಷ್ಟು ದಿನ ನಮಗೆ ಗೊತ್ತೇ ಆಗಲಿಲ್ಲ.”

ಅವಳು ತಿರುಗಿ ನೋಡಲಿಲ್ಲ. ಸಾರಿನಲ್ಲಿ ತುತ್ತು ಅದ್ದುತ್ತ, ಯಾವ ಕೋಪವೂ ಇಲ್ಲದೆ ಹೇಳಿದಳು. “ನಮಗೆ ಅನ್ಬೇಡಿ, ನಿಮಗೆ ಅನ್ನಿ. ನಂಗೆ ಮದುವೆಯಾಗಿ ಬಂದ ಮಾರನೇ ದಿನದಿಂದ್ಲೂ ಗೊತ್ತು.”

ಜಗಲಿಯಲ್ಲಿ ಬೀಗರ ಗೊರಕೆ ಒಂದೇ ಸಮನೆ ಕೇಳುತ್ತಿತ್ತು. ನಾನು ಗೋಡೆ ಬಿಟ್ಟು ಒಂದು ತಟ್ಟೆ ತೆಗೆದುಕೊಂಡು ಅವಳ ಎದುರಿಗೆ ನೆಲದ ಮೇಲೆ ಕೂತೆ. “ಅಯ್ಯೋ, ಈಗ ತಾನೇ ಎರಡು ಮುದ್ದೆ ಉಂಡ್ರಲ್ಲ, ಎಲ್ಲಿಗೆ ಇಳೀತದೆ?” ಎಂದಳು. “ಹಾಕು” ಎಂದೆ. ಅವಳು ತನ್ನ ಮುದ್ದೆಯಲ್ಲೇ ಒಂದು ಪಾಲು ಮುರಿದು ನನ್ನ ತಟ್ಟೆಗೆ ಹಾಕಿದಳು. ಅವಳು ಒಂದು ತುತ್ತು, ನಾನೊಂದು ತುತ್ತು. ಆ ದಿನ ನಾನು ಎರಡು ಸಲ ಊಟ ಮಾಡಿದೆ. ಮೊದಲನೆಯದು ಸಂಜೆಯೊಳಗೇ ಅರಗಿತು. ಎರಡನೆಯದು ಇನ್ನೂ ಅರಗುತ್ತಾ ಇದೆ.